ಗದುಗಿನ ಭಾರತ ಓದಬೇಕೆ? ಮೊದಲ ಪುಟದಿಂದ ಶುರು ಮಾಡಬೇಡಿ

ಕುಮಾರವ್ಯಾಸನ ಹೆಸರು ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಅವನ ಭಾರತ, ಅಂದರೆ ಗದುಗಿನ ಭಾರತ, ಅನೇಕರ ಮನೆಯ ಕಪಾಟಿನಲ್ಲೂ ಇದೆ. ಆದರೆ ಅದನ್ನು ತೆರೆದು ಓದಿದವರನ್ನು ಹುಡುಕಬೇಕು. ಬಹಳ ಜನ ಶಾಲೆಯಲ್ಲಿ ಐದಾರು ಪದ್ಯ ಬಾಯಿಪಾಠ ಮಾಡಿ, ಭಾವಾರ್ಥ ಬರೆದು, ಅಲ್ಲಿಗೆ ಕೈಬಿಟ್ಟವರು. ದೊಡ್ಡವರಾದ ಮೇಲೆ ಆಸೆ ಹುಟ್ಟಿ ಪುಸ್ತಕ ತಂದವರು ಮೊದಲ ಸಂಧಿಯ, ಅಂದರೆ ಮೊದಲ ಅಧ್ಯಾಯದ, ದೇವರ ಸ್ತುತಿ ದಾಟುವಷ್ಟರಲ್ಲಿ ಸುಸ್ತಾಗುತ್ತಾರೆ. ‘ನನಗೆ ಅಷ್ಟು ಕನ್ನಡ ಬರಲ್ಲ’ ಅಂದುಕೊಂಡು ಬಿಡುತ್ತಾರೆ.

ಕನ್ನಡ ಬರುತ್ತದೆ. ಓದುವ ಕ್ರಮ ಬೇರೆ, ಅಷ್ಟೇ. ಈ ಕಾವ್ಯ ಬಾಯಿಗೆ ಮತ್ತು ಕಿವಿಗೆ ಅಂತ ಹುಟ್ಟಿದ್ದು. ಒಬ್ಬರು ಹಾಡುವುದು, ಹತ್ತು ಜನ ಕೇಳುವುದು. ಕಾದಂಬರಿಯ ಹಾಗೆ ಮೂಲೆಯಲ್ಲಿ ಕೂತು ಮೌನವಾಗಿ ಪುಟ ತಿರುವಿದರೆ ಅದು ಬಿಗಿದುಕೊಂಡೇ ಇರುತ್ತದೆ. ಜೋರಾಗಿ ಓದಿ, ಒಂದು ಸಲಕ್ಕೆ ಒಂದೇ ಸನ್ನಿವೇಶ ಓದಿ, ಅರ್ಥ ಆಮೇಲೆ ಬರಲಿ. ನಾನು ಹೇಳುವುದೆಲ್ಲ ಇದೇ. ಉಳಿದದ್ದು ಇದನ್ನು ಮಾಡುವ ಬಗೆ.

ಎದುರಿಗಿರುವುದು ಏನು

ಪುಸ್ತಕದ ನಿಜವಾದ ಹೆಸರು ‘ಕರ್ಣಾಟ ಭಾರತ ಕಥಾಮಂಜರಿ’. ಬರೆದವನು 15ನೇ ಶತಮಾನದ ನಾರಣಪ್ಪ, ಅವನೇ ಕುಮಾರವ್ಯಾಸ. ಊರು ಹುಬ್ಬಳ್ಳಿ ಹತ್ತಿರದ ಕೋಳಿವಾಡ, ದೇವರು ಗದುಗಿನ ವೀರನಾರಾಯಣ. ಕೋನೇರಿಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಗುಡಿಯ ಕಂಬಕ್ಕೆ ಒರಗಿ ಕೂತು, ಬಟ್ಟೆ ಆರುವ ತನಕ ಪದ್ಯ ಹೇಳುತ್ತಿದ್ದ ಅನ್ನುವ ಐತಿಹ್ಯ ಗದುಗಿನಲ್ಲಿ ಈಗಲೂ ಇದೆ. ಆ ಕಂಬವನ್ನೂ ತೋರಿಸುತ್ತಾರೆ.

ಹತ್ತು ಪರ್ವ, 8 ಸಾವಿರಕ್ಕೂ ಜಾಸ್ತಿ ಪದ್ಯ. ದುರ್ಯೋಧನನ ತೊಡೆ ಮುರಿಯುವ ಗದಾಪರ್ವದ ಜೊತೆ ಪುಸ್ತಕ ಮುಗಿಯುತ್ತದೆ. ಮುಂದಿನ ಕಥೆಯನ್ನು ಆಮೇಲೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಭಾಷೆ ನಡುಗನ್ನಡ. 10ನೇ ಶತಮಾನದ ಪಂಪನ ಹಳಗನ್ನಡಕ್ಕಿಂತ ಇದು ನಮಗೆ ಎಷ್ಟೋ ಹತ್ತಿರ. ಹಳೆಯ ಕಾವ್ಯ ಓದಬೇಕು ಅನ್ನುವವರಿಗೆ ನಾನು ಮೊದಲು ಇದನ್ನೇ ಹೇಳುವುದು ಆ ಕಾರಣಕ್ಕೆ. ಪಂಪ ಎಲ್ಲೂ ಓಡಿಹೋಗುವುದಿಲ್ಲ, ಆಮೇಲೆ ಓದಿದರಾಯಿತು.

ಯಾವ ಪುಸ್ತಕ ತರಬೇಕು

ಕುವೆಂಪು ಮತ್ತು ಮಾಸ್ತಿ ಸಂಪಾದಿಸಿ 1958ರಲ್ಲಿ ಬಂದ ಆವೃತ್ತಿ ಹೆಸರಾದದ್ದು. ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕರೆ ಬಿಡಬೇಡಿ. ಆದರೆ ಮೊದಲ ಓದಿಗೆ ಪದ್ಯದ ಕೆಳಗೇ ಗದ್ಯದಲ್ಲಿ ಅರ್ಥ ಕೊಟ್ಟಿರುವ ಪುಸ್ತಕವೇ ವಾಸಿ. ವಿರಾಟಪರ್ವ, ಉದ್ಯೋಗಪರ್ವ ಹೀಗೆ ಬಿಡಿಬಿಡಿಯಾಗಿ ಸಿಕ್ಕರೆ ಇನ್ನೂ ಒಳ್ಳೆಯದು. ಇಡೀ ಸಂಪುಟವನ್ನು ಕೈಯಲ್ಲಿ ಹಿಡಿದರೇ ಅರ್ಧ ಧೈರ್ಯ ಹೋಗುತ್ತದೆ. ದುಡ್ಡು ಹಾಕುವ ಮೊದಲು ರುಚಿ ನೋಡಬೇಕು ಅನ್ನುವವರಿಗೆ ಕನ್ನಡ ವಿಕಿಸೋರ್ಸ್‌ನಲ್ಲಿ ಮೂಲ ಪದ್ಯಗಳಿವೆ.

ಒಂದು ಮಾತು ನೆನಪಿಡಿ. ಆವೃತ್ತಿಯಿಂದ ಆವೃತ್ತಿಗೆ ಪದ್ಯದ ಸಂಖ್ಯೆ ಆಚೀಚೆ ಆಗುತ್ತದೆ, ಪದ್ಯದ ಮಾತೂ ಅಲ್ಲಲ್ಲಿ ಬೇರೆ. ಪದ್ಯ ಹುಡುಕುವಾಗ ಅದರ ಮೊದಲ ಸಾಲಿನಿಂದ ಹುಡುಕಿ, ಸಂಖ್ಯೆಯಿಂದ ಬೇಡ.

ಮಹಾಭಾರತದ ಕಥೆಯೇ ಮಸುಕಾಗಿದ್ದರೆ ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ ಪಕ್ಕದಲ್ಲಿರಲಿ. ಮುಂದೇನಾಗುತ್ತದೆ ಅಂತ ಗೊತ್ತಾದರೆ ಮಜಾ ಹೋಗುತ್ತದೆ ಅನ್ನುವ ಭಯ ಇಲ್ಲಿ ಬೇಡ. ಕುಮಾರವ್ಯಾಸನ ಕೇಳುಗರಿಗೂ ಕಥೆ ಮೊದಲೇ ಗೊತ್ತಿತ್ತು. ಅವರು ಬರುತ್ತಿದ್ದದ್ದು ಇವನು ಅದನ್ನು ಹೇಗೆ ಹೇಳುತ್ತಾನೆ ಅಂತ ಕೇಳಲಿಕ್ಕೆ.

ಮೊದಲು ಕಿವಿ ಹದ ಮಾಡಿ

ಓದುವ ಮೊದಲು ಕೆಲವು ದಿನ ಗಮಕ ಕೇಳಿ. ಗಮಕದಲ್ಲಿ ಒಬ್ಬರು ಪದ್ಯವನ್ನು ರಾಗದಲ್ಲಿ ಓದುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಶಿವಮೊಗ್ಗ ಹತ್ತಿರ ತುಂಗೆಯ ದಡದಲ್ಲಿರುವ ಮತ್ತೂರು, ಹೊಸಹಳ್ಳಿಗಳಲ್ಲಿ ಇದು ಇಂದಿಗೂ ನಡೆಯುವ ಕಲೆ. ಯೂಟ್ಯೂಬಿನಲ್ಲಿ ‘ಕುಮಾರವ್ಯಾಸ ಭಾರತ ಗಮಕ’ ಅಂತ ಕನ್ನಡದಲ್ಲೇ ಟೈಪ್ ಮಾಡಿದರೆ ಬೇಕಾದಷ್ಟು ಸಿಗುತ್ತದೆ. ತರಕಾರಿ ಹೆಚ್ಚುವಾಗ, ಬಸ್ಸಿನಲ್ಲಿ ಕೂತಾಗ ಸುಮ್ನೆ ಕಿವಿಗೆ ಬೀಳಲಿ. ಪೂರ್ತಿ ಅರ್ಥ ಆಗದಿದ್ದರೂ ಲಯ ಒಳಗೆ ಇಳಿಯುತ್ತದೆ.

ಆ ಲಯದ ಹೆಸರು ಭಾಮಿನಿ ಷಟ್ಪದಿ. ಪದ್ಯಕ್ಕೆ ಆರು ಸಾಲು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಬಾಯಲ್ಲಿ ಹೇಳುವುದಾದರೆ ‘ತಕಿಟ ತಕಧಿಮಿ ತಕಿಟ ತಕಧಿಮಿ’. ಮೂರನೇ ಮತ್ತು ಆರನೇ ಸಾಲು ಮಾತ್ರ ಉದ್ದ. ಅಲ್ಲಿ ‘ತಕಿಟ ತಕಧಿಮಿ’ ಮೂರು ಸಲ ಬಂದು ಕೊನೆಗೆ ಒಂದು ದೀರ್ಘ ಎಳೆತ. ಲಘು ಗುರು ಹಾಕಿ ಲೆಕ್ಕ ಮಾಡುವುದು ಬೇಡ, ಅದು ಪರೀಕ್ಷೆಗೆ. ತೊಡೆಯ ಮೇಲೆ ತಟ್ಟಿಕೊಂಡು ಹೇಳಿ, ಸಾಕು.

ಶುರು ವಿರಾಟಪರ್ವದಿಂದ

ಮಳೆ ಬಾರದಿದ್ದರೆ ವಿರಾಟಪರ್ವ ಓದಿಸುವ ಪದ್ಧತಿ ನಮ್ಮ ಹಳ್ಳಿಗಳಲ್ಲಿತ್ತು. ಮಳೆಯ ಮಾತು ಬಿಡಿ, ಹೊಸ ಓದುಗರಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಚಿಕ್ಕ ಪರ್ವ. ವೇಷ ಮರೆಸಿಕೊಂಡ ಪಾಂಡವರು, ಕೀಚಕನ ಕಾಟ, ಅಡುಗೆಮನೆಯ ಭೀಮ, ನಗಿಸುವ ಉತ್ತರಕುಮಾರ, ಎಲ್ಲ ಒಂದೇ ಕಡೆ ಇದೆ.

ಉತ್ತರನ ಸನ್ನಿವೇಶ ತೆಗೆಯಿರಿ. ಕೌರವರು ದನಗಳನ್ನು ಹಿಡಿದಿದ್ದಾರೆ. ವಿರಾಟ ರಾಜ ಇನ್ನೊಂದು ಕಡೆ ಯುದ್ಧಕ್ಕೆ ಹೋಗಿದ್ದಾನೆ. ಊರಲ್ಲಿ ಉಳಿದಿರುವುದು ಹೆಂಗಸರು ಮತ್ತು ಈ ರಾಜಕುಮಾರ. ಸುದ್ದಿ ಕೇಳಿದ ಕೂಡಲೇ ಅವನ ಬಾಯಿಂದ ಬರುವುದು ಇದು:

ಜವನ ಮೀಸೆಯ ಮುರಿದನೋ ಭೈ
ರವನ ದಾಡೆಯನಲುಗಿದನೊ ಮೃ
ತ್ಯುವಿನ ಮೇಲುದ ಸೆಳೆದನೋ ಕೇಸರಿಯ ಕೆಣಕಿದನೋ
ಬವರವನು ತೊಡಗಿದನಲಾ ಕೌ
ರವನಕಟ ಮರುಳಾದನೆಂದಾ
ಯುವತಿಯರ ಮೊಗ ನೋಡುತುತ್ತರ ಬಿರುದ ಕೆದರಿದನು

ಮೊದಲ ಸಲ ಅರ್ಥದ ಗೊಡವೆಗೇ ಹೋಗದೆ ತಾಳ ಹಾಕಿ ಜೋರಾಗಿ ಹೇಳಿ. ‘ಜವನ ಮೀಸೆಯ ಮುರಿದ ನೋಭೈ’. ಮಾತು ಸಾಲಿನ ಕೊನೆಯಲ್ಲಿ ಮುರಿಯುತ್ತದೆ, ಮುರಿಯಲಿ. ಹೊಸಬರು ಎಡವುವುದು ಇಲ್ಲೇ. ಕಣ್ಣು ಸಾಲು ಮುಗಿಯಿತು ಅನ್ನುತ್ತದೆ, ಮಾತು ಮುಗಿದಿರುವುದಿಲ್ಲ.

ಎರಡನೇ ಸಲ ಸಾಲು ಮರೆತು ಮಾತು ಹಿಡಿದು ಓದಿ. ‘ಭೈ’ ಮತ್ತು ‘ರವನ’ ಕೂಡಿ ಭೈರವನ. ‘ಮೃ’ ಮತ್ತು ‘ತ್ಯುವಿನ’ ಕೂಡಿ ಮೃತ್ಯುವಿನ. ‘ಕೌ’ ಮತ್ತು ‘ರವನಕಟ’ ಬಿಡಿಸಿದರೆ ಕೌರವನು, ಅಕಟ. ‘ನೋಡುತುತ್ತರ’ ಅಂದರೆ ನೋಡುತ ಉತ್ತರ. ಈಗ ಅರ್ಧ ಪದ್ಯ ತಾನೇ ಬಿಚ್ಚಿಕೊಂಡಿತು, ಅಲ್ವಾ?

ಮೂರನೇ ಸಲಕ್ಕೆ ಗೊತ್ತಿಲ್ಲದ ಮಾತು ಹುಡುಕಿ. ಜವ ಅಂದರೆ ಯಮ. ಮೇಲುದ ಅಂದರೆ ಹೊದ್ದ ಸೆರಗು. ಬವರ ಅಂದರೆ ಯುದ್ಧ. ಅಷ್ಟೇ ಉಳಿದಿದ್ದು. ಯಮನ ಮೀಸೆ ಮುರಿದನೋ, ಭೈರವನ ಕೋರೆಹಲ್ಲು ಅಲ್ಲಾಡಿಸಿದನೋ, ಸಾವಿನ ದೇವತೆಯ ಸೆರಗು ಎಳೆದನೋ, ಸಿಂಹವನ್ನು ಕೆಣಕಿದನೋ! ನನ್ನ ಹತ್ತಿರ ಯುದ್ಧಕ್ಕೆ ಬಂದನಲ್ಲ, ಪಾಪ, ಕೌರವನಿಗೆ ಹುಚ್ಚು ಹಿಡಿಯಿತು ಅಂತ.

ನಾಲ್ಕನೇ ಸಲ ಮತ್ತೆ ಜೋರಾಗಿ, ಉತ್ತರನೇ ಆಗಿ ಓದಿ. ಆಗ ಕೊನೆಯ ಸಾಲಿನ ಚೇಷ್ಟೆ ಹೊಳೆಯುತ್ತದೆ. ಇಷ್ಟೆಲ್ಲ ವೀರಾವೇಶ ಹೊರಟಿದ್ದು ‘ಯುವತಿಯರ ಮೊಗ ನೋಡುತ’. ಕಣ್ಣು ಕೌರವನ ಕಡೆ ಇಲ್ಲ, ಮೆಚ್ಚುವ ಮುಖಗಳ ಕಡೆ ಇದೆ. ಮುಂದೆ ಬೃಹನ್ನಳೆಯ ವೇಷದ ಅರ್ಜುನ ಸಾರಥಿಯಾಗಿ ಬಂದು, ರಥ ಕೌರವ ಸೇನೆಯ ಎದುರು ನಿಂತ ಕೂಡಲೇ ಈ ಪುಣ್ಯಾತ್ಮ ರಥದಿಂದ ಹಾರಿ ಓಡುತ್ತಾನೆ. ಅರ್ಜುನ ಅಟ್ಟಿಸಿಕೊಂಡು ಹೋಗಿ ಹಿಡಿದು ತರಬೇಕಾಗುತ್ತದೆ. ಉತ್ತರನ ಪೌರುಷ ಅನ್ನುವ ಮಾತನ್ನು ನಾವು ದಿನಾ ಆಡುತ್ತೇವೆ. ಅದರ ಮೂಲ ರುಚಿ ಇಲ್ಲಿದೆ.

ಒಂದು ಪದ್ಯಕ್ಕೆ ನಾಲ್ಕು ಓದು ಅಂದರೆ ಜಾಸ್ತಿ ಆಯಿತು ಅನ್ನಿಸಬಹುದು. ಎಲ್ಲ ಪದ್ಯಕ್ಕೂ ಬೇಕಿಲ್ಲ. ಶುರುವಿನ ಒಂದೆರಡು ಡಜನ್ ಪದ್ಯಕ್ಕೆ ಮಾಡಿ. ಆಮೇಲೆ ಬಾಯಿ ಮುಂದೆ ಓಡುತ್ತಿರುವಾಗಲೇ ತಲೆ ಮಾತು ಬಿಡಿಸುವುದನ್ನು ಕಲಿತುಬಿಡುತ್ತದೆ.

ಇದೇ ಪರ್ವದಲ್ಲಿ ಕೀಚಕನಿಂದ ನೊಂದ ದ್ರೌಪದಿ ರಾತ್ರಿ ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸುವ ಭಾಗವಿದೆ. ‘ಗಂಡರೈವರು ಮೂರು ಲೋಕದ ಗಂಡರೊಬ್ಬಳನಾಳಲಾರಿರಿ’ ಅಂತ ಅವಳು ಕೇಳುವುದು ಅಲ್ಲೇ. ಆ ಭಾಗಕ್ಕೆ ನನ್ನ ವಿವರಣೆ ಬೇಡ. ಬಾಗಿಲು ಹಾಕಿಕೊಂಡು ಜೋರಾಗಿ ಓದಿ. ಪಕ್ಕದ ಮನೆಯವರು ಜಗಳ ಅಂದುಕೊಂಡರೆ ನೀವು ಸರಿಯಾಗಿ ಓದಿದ್ದೀರಿ.

ಕೈಯಲ್ಲಿರಬೇಕಾದ ಎರಡು ಮೂರು ಕೀಲಿ

ನಡುಗನ್ನಡದ ವ್ಯಾಕರಣ ಪುಸ್ತಕ ಓದಿ ಆಮೇಲೆ ಕಾವ್ಯಕ್ಕೆ ಬರುತ್ತೇನೆ ಅನ್ನುವವರು ಕಾವ್ಯಕ್ಕೆ ಬರುವುದೇ ಇಲ್ಲ. ಇಷ್ಟು ಸಾಕು. ‘ಮೀಸೆಯ ಮುರಿದ’ ಅಂದರೆ ಮೀಸೆಯನ್ನು ಮುರಿದ. ‘ಅನ್ನು’ ಸೇರಿಸಬೇಕಾದ ಎಷ್ಟೋ ಕಡೆ ಇವನು ಬರೀ ‘ಅ’ಕಾರದಲ್ಲಿ ಮುಗಿಸುತ್ತಾನೆ. ಮನೆಯಲಿ, ಕಿವಿಯಲಿ ಅಂದರೆ ಮನೆಯಲ್ಲಿ, ಕಿವಿಯಲ್ಲಿ. ಎನುತ ಅಂದರೆ ಅನ್ನುತ್ತ. ಹೋಹುದು ಅಂದರೆ ಹೋಗುವುದು.

ನಿಜವಾಗಿ ತಲೆ ತಿನ್ನುವುದು ಹೆಸರುಗಳು. ಕರ್ಣನನ್ನು ಕರ್ಣ ಅಂತ ಕರೆಯುವುದಕ್ಕಿಂತ ಇನತನೂಜ, ರವಿಸುತ ಅಂತ ಕರೆಯುವುದೇ ಹೆಚ್ಚು ಅನ್ನಿಸುತ್ತದೆ. ಕೃಷ್ಣ ಒಂದೇ ಪುಟದಲ್ಲಿ ದನುಜರಿಪು, ಮುರಾರಿ, ಶೌರಿ ಎಲ್ಲ ಆಗುತ್ತಾನೆ. ಪುಸ್ತಕದ ಹಿಂದಿನ ಖಾಲಿ ಪುಟದಲ್ಲಿ ಒಬ್ಬೊಬ್ಬರಿಗೆ ಒಂದು ಸಾಲು ಹಾಕಿ, ಹೊಸ ಹೆಸರು ಬಂದ ಹಾಗೆ ಸೇರಿಸುತ್ತಾ ಹೋಗಿ. ಒಂದು ಪರ್ವ ಮುಗಿಯುವಷ್ಟರಲ್ಲಿ ಆ ಪಟ್ಟಿ ನೋಡುವ ಅಗತ್ಯವೇ ಇರುವುದಿಲ್ಲ.

ನಿಘಂಟಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ-ಕನ್ನಡ ನಿಘಂಟು ಇದೆ. ಫೋನಿನಲ್ಲಾದರೆ ‘ಅಲರ್’ ಇದೆ, ಅದು ಕನ್ನಡ-ಇಂಗ್ಲಿಷ್. ಆದರೆ ಓದುತ್ತಾ ಓದುತ್ತಾ ಪ್ರತಿ ಮಾತಿಗೂ ಫೋನ್ ತೆಗೆಯಬೇಡಿ. ಮಾತಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು ಮುಂದೆ ಹೋಗಿ. ಸನ್ನಿವೇಶ ಮುಗಿದ ಮೇಲೆ ಒಟ್ಟಿಗೆ ನೋಡಿ. ಅಷ್ಟರಲ್ಲಿ ಗೆರೆ ಎಳೆದ ಅರ್ಧ ಮಾತು ಸಂದರ್ಭದಿಂದಲೇ ಅರ್ಥವಾಗಿರುತ್ತದೆ.

ಆಮೇಲೆ ಉದ್ಯೋಗಪರ್ವ, ಅದರಲ್ಲೂ ಕರ್ಣಭೇದನ

‘ಕೌರವೇಂದ್ರನ ಕೊಂದೆ ನೀನು’ ಅಂತ ಹತ್ತನೇ ಕ್ಲಾಸಿನ ಪಠ್ಯದಲ್ಲಿ ಬಂದ ಭಾಗ ಇದು. ಪರೀಕ್ಷೆಯ ಭಯ ಹೋದ ಮೇಲೆ ಇದನ್ನು ಇನ್ನೊಮ್ಮೆ ಓದಲೇಬೇಕು. ಸಂಧಾನ ಮುರಿದಿದೆ. ಕೃಷ್ಣ ಹಸ್ತಿನಾವತಿಯಿಂದ ಹೊರಟಿದ್ದಾನೆ. ಕಳಿಸಿಕೊಡಲು ಬಂದ ಕರ್ಣನನ್ನು ರಥಕ್ಕೆ ಎಳೆದುಕೊಳ್ಳುತ್ತಾನೆ:

ಇನತನೂಜನ ಕೂಡೆ ಮೈದುನ
ತನದ ಸರಸವನೆಸಗಿ ರಥದೊಳು
ದನುಜರಿಪು ಬರಸೆಳೆದು ಕುಳ್ಳಿರಿಸಿದನು ಪೀಠದಲಿ
ಎನಗೆ ನಿಮ್ಮಡಿಗಳಲಿ ಸಮಸೇ
ವನೆಯೆ ದೇವ ಮುರಾರಿಯಂಜುವೆ
ನೆನಲು ತೊಡೆಸೋಂಕಿನಲಿ ಸಾರಿದು ಶೌರಿಯಿಂತೆಂದ

ನಿಧಾನವಾಗಿ ನೋಡಿ. ಕೃಷ್ಣ ಕರ್ಣನ ಜೊತೆ ‘ಮೈದುನತನದ ಸರಸ’ ಮಾಡುತ್ತಿದ್ದಾನೆ. ಭಾವ ಭಾವಮೈದುನರ ನಡುವೆ ನಡೆಯುತ್ತದಲ್ಲ, ಹೆಗಲಿಗೆ ಹೊಡೆದು, ಕಾಲೆಳೆದು ಮಾತಾಡುವುದು, ಅದು. ಆದರೆ ಕರ್ಣ ಯಾವ ಲೆಕ್ಕದಲ್ಲಿ ಕೃಷ್ಣನಿಗೆ ಮೈದುನ? ಕುಂತಿ ಕೃಷ್ಣನ ಸೋದರತ್ತೆ. ಕರ್ಣ ಕುಂತಿಯ ಮಗ. ನಮ್ಮ ಮನೆಗಳ ಸಂಬಂಧದ ಲೆಕ್ಕದಲ್ಲಿ ಅತ್ತೆಯ ಮಗ ಭಾವಮೈದುನನೇ. ಗುಟ್ಟು ಹೇಳುವುದು ಇನ್ನೂ ಬಾಕಿ ಇದೆ. ಆದರೆ ಕೃಷ್ಣನ ನಡವಳಿಕೆ ಅದನ್ನು ಆಗಲೇ ಹೇಳಿಬಿಟ್ಟಿದೆ. ಕೇಳುವವರಿಗೆಲ್ಲ ಗೊತ್ತಾಯಿತು, ಪಾಪ ಕರ್ಣನಿಗೊಬ್ಬನಿಗೇ ಗೊತ್ತಿಲ್ಲ.

ಅವನು ಏನನ್ನುತ್ತಾನೆ? ನಿಮ್ಮ ಸಮಕ್ಕೆ ಕೂರುವುದಾ, ದೇವಾ, ಅಂಜಿಕೆಯಾಗುತ್ತದೆ. ಅಂಗರಾಜನಾಗಿ ಎಷ್ಟು ವರ್ಷವಾದರೂ ಸೂತಪುತ್ರ ಅನ್ನಿಸಿಕೊಂಡವನ ಸಂಕೋಚ ಹೋಗಿಲ್ಲ. ಅದಕ್ಕೆ ಕೃಷ್ಣ ಬಾಯಲ್ಲಿ ಉತ್ತರ ಕೊಡುವುದಿಲ್ಲ. ತೊಡೆಗೆ ತೊಡೆ ತಾಗುವಷ್ಟು ಹತ್ತಿರ ಸರಿದು ಕೂರುತ್ತಾನೆ. ಆಮೇಲೆ ನಿನ್ನ ಹುಟ್ಟಿನ ಗುಟ್ಟು ಇದು ಅನ್ನುತ್ತಾನೆ. ಅದನ್ನು ಕವಿ ‘ರವಿಸುತನ ಕಿವಿಯಲಿ ಬಿತ್ತಿದನು ಭಯವ’ ಅಂತ ಹೇಳುತ್ತಾನೆ. ಹತ್ತಿರ ಸರಿದದ್ದು ಪ್ರೀತಿಗೋ, ಬಿತ್ತುವುದಕ್ಕೋ? ನನಗೆ ಎರಡೂ ಅನ್ನಿಸುತ್ತದೆ. ಪಕ್ಕದಲ್ಲಿ ಕೌರವರು, ಇನ್ನೊಂದು ಪಕ್ಕದಲ್ಲಿ ಪಾಂಡವರು, ನಡುವೆ ನೀನು ಸಿಂಹಾಸನದ ಮೇಲೆ ಅಂತ ಕೃಷ್ಣ ಆಸೆಯ ಚಿತ್ರ ಬಿಡಿಸುತ್ತಾನೆ. ಕರ್ಣನ ಸ್ಥಿತಿ ಹೀಗೆ:

ಕೊರಳ ಸೆರೆ ಹಿಗ್ಗಿದವು ದೃಗುಜಲ
ಉರವಣಿಸಿ ಕಡುನೊಂದನಕಟಾ
ಕುರುಪತಿಗೆ ಕೇಡಾದುದೆಂದನು ತನ್ನ ಮನದೊಳಗೆ
ಹರಿಯ ಹಗೆ ಹೊಗೆದೋರದುರುಹದೆ
ಬರಿದೆ ಹೋಹುದೆ ತನ್ನ ವಂಶವ
ನರುಹಿ ಕೊಂದನು ಹಲವು ಮಾತೇನೆಂದು ಚಿಂತಿಸಿದ

ಕೊರಳಿನ ನರ ಉಬ್ಬಿದೆ, ಕಣ್ಣೀರು ನುಗ್ಗಿದೆ. ಆದರೆ ಮೊದಲ ಯೋಚನೆ ‘ನಾನು ರಾಜಕುಮಾರ’ ಅಂತಲ್ಲ, ‘ದುರ್ಯೋಧನನಿಗೆ ಕೇಡಾಯಿತು’ ಅಂತ. ಹರಿಯ ಹಗೆ ಹೊಗೆ ತೋರಿಸದೆಯೇ ಸುಡುತ್ತದೆ, ನನ್ನ ವಂಶ ಹೇಳಿಯೇ ನನ್ನನ್ನು ಕೊಂದ. ದೇವರ ಭಕ್ತನಾದ ಕವಿಯೇ ದೇವರ ಮೇಲೆ ಈ ಆರೋಪವನ್ನು ಕರ್ಣನ ಮನಸ್ಸಿನಲ್ಲಿ ಇಡುತ್ತಾನೆ. ಇಲ್ಲಿ ಪುಸ್ತಕ ಮುಚ್ಚಿ ಮನೆಯವರ ಜೊತೆ ಒಂದು ಸುತ್ತು ವಾದ ಮಾಡಿ. ಕೃಷ್ಣ ಮಾಡಿದ್ದು ಸರಿಯೇ ಅಂತ ಕೇಳಿದರೆ ಸಾಕು, ಊಟ ತಣ್ಣಗಾಗುತ್ತದೆ.

ಬಿಟ್ಟು ಮುಂದೆ ಹೋಗಬಹುದೇ?

ಧಾರಾಳವಾಗಿ. ಹತ್ತು ಪರ್ವದಲ್ಲಿ ಐದು ಯುದ್ಧದವು. ಆನೆ ಎಷ್ಟು, ಕುದುರೆ ಹೇಗೆ, ಬಾಣ ಯಾವುದು ಅನ್ನುವ ವರ್ಣನೆ ಪುಟಗಟ್ಟಲೆ ಬರುತ್ತದೆ. ಗಮಕದಲ್ಲಿ ಕೇಳಿದರೆ ಅದೇ ಭಾಗ ಮೈ ನವಿರೇಳಿಸುತ್ತದೆ, ಕಾಗದದ ಮೇಲೆ ಕೆಲವೊಮ್ಮೆ ಉದ್ದವಾಯಿತು ಅನ್ನಿಸುತ್ತದೆ. ಬಿಟ್ಟುಬಿಡಿ. ಆದರೆ ದ್ರೋಣಪರ್ವದ ಅಭಿಮನ್ಯು, ಕರ್ಣಪರ್ವದ ಕೊನೆ, ಗದಾಪರ್ವದಲ್ಲಿ ಕೊಳದೊಳಗೆ ಅಡಗಿದ ದುರ್ಯೋಧನ, ಇವನ್ನು ಬಿಡಬೇಡಿ. ಆದಿಪರ್ವವನ್ನು ಕಡೆಗೆ ಇಟ್ಟುಕೊಂಡರೂ ನಷ್ಟವಿಲ್ಲ. ಸಭಾಪರ್ವದ ಜೂಜಿನ ಭಾಗಕ್ಕೆ ಮಾತ್ರ ಮನಸ್ಸು ಗಟ್ಟಿ ಇರುವ ದಿನ ನೋಡಿಕೊಂಡು ಕೂರಿ.

ಚುಚ್ಚುವ ಮಾತೂ ಸಿಗುತ್ತದೆ. ಕುಲದ ಹಮ್ಮು, ಹೆಂಗಸರ ಬಗ್ಗೆ, ಗಂಡಸ್ತನದ ಬಗ್ಗೆ ಆ ಕಾಲದ ಮಾತು. ಅದನ್ನು ಮುಚ್ಚಿಟ್ಟು ಓದಬೇಕಿಲ್ಲ, ಅದೊಂದಕ್ಕೇ ಪುಸ್ತಕ ಎಸೆಯಬೇಕಾಗಿಯೂ ಇಲ್ಲ. ಅಂಚಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ. ಅದೇ ಪುಸ್ತಕದಲ್ಲಿ ಕರ್ಣನ ಸಂಕೋಚವನ್ನೂ ದ್ರೌಪದಿಯ ಸಿಟ್ಟನ್ನೂ ಇದೇ ಕವಿ ಬರೆದಿದ್ದಾನೆ ಅನ್ನುವುದು ನೆನಪಿರಲಿ.

ಜೊತೆ ಸಿಕ್ಕರೆ

ಇಬ್ಬರಿದ್ದರೆ ಗಮಕದ ಹಾಗೇ ಮಾಡಿ. ಒಬ್ಬರು ಓದಲಿ, ಇನ್ನೊಬ್ಬರು ಆಡುಮಾತಿನಲ್ಲಿ ಅರ್ಥ ಹೇಳಲಿ, ಮುಂದಿನ ಪದ್ಯಕ್ಕೆ ಅದಲು ಬದಲು. ರಾಗ ಬರದಿದ್ದರೆ ಬೇಡ, ತಾಳ ಸಾಕು. ಅಮೆರಿಕದಲ್ಲೋ ದುಬೈನಲ್ಲೋ ಇರುವವರು ಊರಿನ ಅಪ್ಪ ಅಮ್ಮನ ಜೊತೆ ವಿಡಿಯೋ ಕಾಲ್‌ನಲ್ಲಿ ಇದನ್ನು ಮಾಡಬಹುದು. ‘ಊಟ ಆಯ್ತಾ’ ಆದ ಮೇಲೆ ಮಾತಿಗೆ ಏನಾದರೂ ಬೇಕಲ್ಲ. ಯಕ್ಷಗಾನ, ತಾಳಮದ್ದಳೆ ನೋಡಿ ಬೆಳೆದ ಹಿರಿಯರು ಮನೆಯಲ್ಲಿದ್ದರಂತೂ ನಿಮಗೆ ವ್ಯಾಖ್ಯಾನಕಾರರು ಪುಕ್ಕಟೆ ಸಿಕ್ಕ ಹಾಗೆ.

ಮಕ್ಕಳು ಸೇರಿದರೆ ಒಗಟಿನ ಪದ್ಯ ಕೊಡಿ:

ವೇದಪುರುಷನ ಸುತನ ಸುತನ ಸ
ಹೋದರನ ಹೆಮ್ಮಗನ ಮಗನ ತ
ಳೋದರಿಯ ಮಾತುಳನ ಮಾವನನತುಳಭುಜಬಲದಿ
ಕಾದಿ ಗೆಲಿದನನಣ್ಣನವ್ವೆಯ
ನಾದಿನಿಯ ಜಠರದಲಿ ಜನಿಸಿದ
ನಾದಿಮೂರುತಿ ಸಲಹೊ ಗದುಗಿನ ವೀರನಾರಾಯಣ

ಕೊನೆಯಿಂದ ಬಿಡಿಸುವುದು ಸುಲಭ. ಜರಾಸಂಧನನ್ನು ಕಾದಿ ಗೆದ್ದವನು ಭೀಮ, ಅವನ ಅಣ್ಣ ಧರ್ಮರಾಯ, ಅವನ ಅವ್ವೆ ಕುಂತಿ, ಕುಂತಿಯ ನಾದಿನಿ ದೇವಕಿ, ಅವಳ ಹೊಟ್ಟೆಯಲ್ಲಿ ಹುಟ್ಟಿದವನು ಕೃಷ್ಣ. ಜರಾಸಂಧ ಮಾವನಾಗಿದ್ದು ಕಂಸನಿಗೆ. ಕಂಸ ಸೋದರಮಾವ ಆಗುವುದು ಸುಭದ್ರೆಗೆ, ಅಂದರೆ ಅರ್ಜುನನ ಹೆಂಡತಿಗೆ. ಅರ್ಜುನ ಇಂದ್ರನ ಮಗ. ಅಲ್ಲಿಂದ ವೇದಪುರುಷನ ತನಕ ಉಳಿದ ದಾರಿಯನ್ನು ಮಕ್ಕಳೇ ಹುಡುಕಲಿ. ಅಜ್ಜಿಯನ್ನು ಕೇಳಬಹುದು, ಗೂಗಲ್ ಕೇಳುವ ಹಾಗಿಲ್ಲ.